ಪ್ಯಾಡಲ್‌ನಲ್ಲಿ ‘ಕೆ’ ಒತ್ತಿದರೆ ‘ಸಿ’ ಹೋಗುತ್ತಿದ್ದರೆ

ಮೋರ್ಸ್ ಕೋಡ್ ಕಳಿಸುವಾಗ ಸ್ಟ್ರೇಟ್ ಕೀಯಲ್ಲಿ (ಕೈಯಿಂದಲೇ ಒತ್ತಿ ಬಿಡುವ ಸಾದಾ ಕೀ) ಸರಿಯಾಗಿ ಬರುವ ‘ಕೆ’ ಹೊಸ ಪ್ಯಾಡಲ್‌ನಲ್ಲಿ (ಡಿಟ್‌ಗೊಂದು, ಡಾಗೊಂದು ಎಂದು ಎರಡು ಪಟ್ಟಿ ಇರುವ ಕೀ) ‘ಸಿ’ ಆಗುತ್ತಿದೆ ಅಂದರೆ, ಬಹುಶಃ ನಿಮ್ಮ ಕೀಯರ್ (ಸದ್ದುಗಳನ್ನು ತಾನೇ ಅಳೆದು ಕಳಿಸುವ ಸರ್ಕ್ಯೂಟ್) ಐಯಾಂಬಿಕ್ ಮೋಡ್ ಬಿಯಲ್ಲಿದೆ. ಎರಡೂ ಪ್ಯಾಡಲ್ ಒಟ್ಟಿಗೆ ಹಿಡಿದು ಬಿಟ್ಟಾಗ ಅದು ಕೊನೆಗೆ ಇನ್ನೊಂದು ಸದ್ದು ತಾನೇ ಸೇರಿಸುತ್ತದೆ. ಡಾ ಅಂದರೆ ಉದ್ದ ಸದ್ದು, ಡಿ ಅಥವಾ ಡಿಟ್ ಅಂದರೆ ಗಿಡ್ಡ ಸದ್ದು; ‘ಕೆ’ಯ ಡಾ-ಡಿ-ಡಾ ಹೋಗಿ ‘ಸಿ’ಯ ಡಾ-ಡಿ-ಡಾ-ಡಿ ಆಗುತ್ತದೆ. ನನಗೂ ವಾರಗಟ್ಟಲೆ ಇದೇ ಗೋಳು.

ಮೊದಲು ಮೆನುವಿನಲ್ಲಿ ಮೋಡ್ ಎ ಹಾಕಿ ನೋಡಿ. ಆಮೇಲೂ ಹಾಗೇ ಬಂದರೆ ಬೆರಳು ಜಾಸ್ತಿ ಹೊತ್ತು ನಿಲ್ಲುತ್ತಿರಬೇಕು. ನಿಮ್ಮ ಕೈ ನೋಡದೆ ಖಚಿತವಾಗಿ ಹೇಳಲಾರೆ. ವೇಗವನ್ನು ನಿಮಿಷಕ್ಕೆ 12 ಪದಕ್ಕೆ ಇಳಿಸಿ. ಆಗ ಡಿಟ್ 100 ಮಿಲಿಸೆಕೆಂಡ್, ಡಾ 300. ಬೆರಳು ತೆಗೆಯಲು ಸಮಯ ಸಿಗುತ್ತದೆ. ಪ್ಯಾಡಲ್ ಮೇಜಿನ ಮೇಲೆ ಜಾರುತ್ತಿದ್ದರೆ ಅಡಿಗೆ ಒಂದು ರಬ್ಬರ್ ಹಾಳೆ ಹಾಕಿ.

ಒಂದು ಮಾತು: ಕೀಯರ್ ಡಿಟ್, ಡಾ ಮತ್ತು ಒಂದು ಅಕ್ಷರದೊಳಗಿನ ಬಿಡುವು ಮಾತ್ರ ಅಳೆದು ಕೊಡುತ್ತದೆ. ಅಕ್ಷರಗಳ ನಡುವಿನ 3 ಡಿಟ್, ಪದಗಳ ನಡುವಿನ 7 ಡಿಟ್ ಬಿಡುವು ಸಾಮಾನ್ಯವಾಗಿ ನಿಮ್ಮದೇ ಕೆಲಸ. ಸ್ಟ್ರೇಟ್ ಕೀಯಲ್ಲಂತೂ ಎಲ್ಲವೂ ಕೈಯದೇ, ಅಲ್ವಾ?

ಅಭ್ಯಾಸಕ್ಕೆ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಬಸ್ಸಲ್ಲಿ ಕೂತಾಗ ಮುಂದಿನ ಗಾಡಿಗಳ ನಂಬರ್ ಬರೆದಿಟ್ಟುಕೊಳ್ಳಿ. ಹೆಚ್ಚಿನವು ‘ಕೆಎ’ಯಿಂದಲೇ ಶುರು, ನಿಮಗೆ ಬೇಕಾದ ಅಕ್ಷರವೇ! ಮನೆಯಲ್ಲಿ ರೇಡಿಯೊದ ಬ್ರೇಕ್-ಇನ್ (ಕೀ ಒತ್ತಿದೊಡನೆ ತಾನೇ ಪ್ರಸಾರ ಮಾಡುವ ಸೌಲಭ್ಯ) ಆಫ್ ಮಾಡಿ, ಸೈಡ್‌ಟೋನ್‌ನಲ್ಲೇ (ನಿಮ್ಮ ರೇಡಿಯೊದಲ್ಲಷ್ಟೇ ಕೇಳುವ ಸದ್ದು) ಅವನ್ನು ಕಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಮರುದಿನ ಕೇಳಿ ಬರೆದು ನೋಡಿ. ‘ಕೆ’ ಇದ್ದಲ್ಲಿ ‘ಸಿ’ ಕೇಳಿಸಿದರೆ ಮತ್ತೆ ವೇಗ ಇಳಿಸಿ.