ದೊಡ್ಡ ದಾನಿ ಯಾರು ಅಂತ ಆಮೇಲೆ ನೋಡಿ, ಮೊದಲು ರಸೀದಿಯ ತಾರೀಕು ನೋಡಿ

ನಿಮ್ಮದು ಮಂಜೇಶ್ವರ ಕಡೆಯ ಸಣ್ಣ ಟ್ರಸ್ಟ್, ಆರು ವರ್ಷದ ದಾನಿಗಳ ಲೆಕ್ಕ ಇದೆ, ಅದರಿಂದ ದೊಡ್ಡ ದಾನಿಗಳನ್ನು ಆರಿಸೋದು ಹೇಗೆ, ಯಾವ ಸಾಫ್ಟ್‌ವೇರ್ ತಗೊಳ್ಳೋದು ಅಂತ ಕೇಳಿದ್ದೀರಿ. ಓದುವಾಗ 2022ರ ನನ್ನನ್ನೇ ನೋಡಿದ ಹಾಗಾಯಿತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಶಾಲೆಯಲ್ಲಿ ಮಾಷ್ಟ್ರಾಗಿದ್ದವನು. ಒಂದು ಸಣ್ಣ ಟ್ರಸ್ಟಿನ ಕೋಶಾಧಿಕಾರಿ. ನಮ್ಮ ಕೆಲಸ ಒಂದೇ: ಡಯಾಲಿಸಿಸ್ ರೋಗಿಗಳನ್ನು ವ್ಯಾನಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋಗಿ ಬರುವುದು. ಒಂದು ದಾರಿಗೆ 50 ಕಿಲೋಮೀಟರ್ ಆಸುಪಾಸು. ಒಬ್ಬೊಬ್ಬರಿಗೆ ವಾರಕ್ಕೆ ಎರಡೋ ಮೂರೋ ಸಲ. ಅಂದರೆ ನಮಗೆ ಬೇಕಾದದ್ದು ತಪ್ಪದೆ ಬರುವ ದುಡ್ಡು. ಡೀಸೆಲ್ ತಿಂಗಳು ತಿಂಗಳೂ ಹಾಕಬೇಕಲ್ವಾ.

2022ರ ಮೇ ತಿಂಗಳೊಳಗೆ 10ಬಿಡಿ ಫಾರ್ಮ್ ಕೊಡಬೇಕಾಗಿ ಬಂತು. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ 80ಜಿ ಮಾನ್ಯತೆ ಇರುವ ಸಂಸ್ಥೆಗಳು ಹಿಂದಿನ ವರ್ಷದ ದಾನಿಗಳ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಕೊಡಬೇಕು ಅನ್ನುವ ನಿಯಮ ಬಂದ ಮೊದಲ ವರ್ಷ ಅದು. ಆ ಫಾರ್ಮಿನಲ್ಲಿ ಹೆಸರು, ವಿಳಾಸ, ಪ್ಯಾನ್ ಥರದ ಗುರುತಿನ ನಂಬರ್, ನಗದೋ ಬ್ಯಾಂಕೋ, ಒಟ್ಟು ಎಷ್ಟು ಅಂತ ಕೇಳುತ್ತಾರೆ. ಯಾವ ದಿನ ಕೊಟ್ಟರು ಅಂತ ಕೇಳುವುದಿಲ್ಲ. ತೆರಿಗೆಯವರಿಗೆ ಅಷ್ಟು ಸಾಕು.

ತಪ್ಪು ಮಾಡಿದ್ದು ನಾನು. ಹೇಗೂ ಕೂತಿದ್ದೇನಲ್ಲ ಅಂತ ಆರು ವರ್ಷದ ರಸೀದಿ ಪುಸ್ತಕಗಳನ್ನೂ ಅದೇ ನಮೂನೆಯಲ್ಲಿ ಎಕ್ಸೆಲ್‌ಗೆ ಹಾಕಿದೆ. ಒಬ್ಬರಿಗೆ ಒಂದು ಸಾಲು, ಕೊನೆಗೆ ಒಟ್ಟು ಮೊತ್ತ. ತಾರೀಕು ಬಿಟ್ಟೆ. ಎಷ್ಟು ಸಲ ಕೊಟ್ಟರು ಅನ್ನುವುದನ್ನೂ ಬಿಟ್ಟೆ. ಆಮೇಲೆ ದೊಡ್ಡ ಮೊತ್ತ ಮೇಲೆ ಬರುವ ಹಾಗೆ ಜೋಡಿಸಿ, ಮೇಲಿನ 60 ಜನ ನಮ್ಮ ದೊಡ್ಡ ದಾನಿಗಳು ಅಂತ ಸಮಿತಿಯಲ್ಲಿ ಓದಿದೆ. ಎಲ್ಲರಿಗೂ ಸರಿ ಕಂಡಿತು. ಐವತ್ತು, ನೂರು ರೂಪಾಯಿಗೆ ಮನೆ ಮನೆಗೆ ಹೋಗುವ ಹುಡುಗನ ಪೆಟ್ರೋಲ್ ಖರ್ಚು ದಂಡ ಅಂತ ಆ ತಿರುಗಾಟ ನಿಲ್ಲಿಸಿದೆವು. 60 ಜನರಿಗೆ ಒಳ್ಳೆ ಕಾಗದದಲ್ಲಿ ಪತ್ರ ಹೋಯಿತು: ಮಾರ್ಚ್ 31ರೊಳಗೆ ಕೊಟ್ಟರೆ 80ಜಿ ರಿಯಾಯಿತಿ ಸಿಗುತ್ತದೆ ಅಂತ.

ಆ 60ರಲ್ಲಿ 41 ಜನ ನಮಗೆ ಕೊಟ್ಟದ್ದು ಒಂದೇ ಒಂದು ಸಲ, 2020ರ ಏಪ್ರಿಲ್-ಮೇ ತಿಂಗಳಲ್ಲಿ. ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ, ಇಲ್ಲಿನ ರೋಗಿಗಳು ಮಂಗಳೂರಿಗೆ ಹೋಗಲಾಗದೆ ದಾರಿಯಲ್ಲೇ ಜೀವ ಬಿಟ್ಟ ದಿನಗಳು ಅವು. ಆ ಸಂಕಟ ನೋಡಿ ಬೆಂಗಳೂರಿನಿಂದ, ಗಲ್ಫಿನಿಂದ ಜನ ಐದು ಸಾವಿರ, ಹತ್ತು ಸಾವಿರ ಕಳಿಸಿದರು. ದೊಡ್ಡ ಮನಸ್ಸಿನವರು, ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಅವರು ಕೊಟ್ಟದ್ದು ಆ ಹೊತ್ತಿಗೆ. ಅತ್ತ ನೀರ್ಚಾಲು ಕಡೆಯ ಬೀಡಿ ಕಟ್ಟುವ ಅಕ್ಕ ಒಬ್ಬರು ನಾಲ್ಕು ವರ್ಷ ತಪ್ಪದೆ ತಿಂಗಳಿಗೆ ₹50 ಕೊಟ್ಟಿದ್ದರು. 48 ಸಲ, ಒಟ್ಟು ₹2,400. ನನ್ನ ಪಟ್ಟಿಯಲ್ಲಿ ಅವರು ಎಲ್ಲೋ ಕೆಳಗೆ ಇದ್ದರು.

2023ರ ಆಟಿ ತಿಂಗಳು (ಜುಲೈ-ಆಗಸ್ಟ್ ಹೊತ್ತು) ಬರುವಾಗ ಡೀಸೆಲಿಗೆ ದುಡ್ಡಿರಲಿಲ್ಲ. ಇಬ್ಬರು ರೋಗಿಗಳಿಗೆ ವಾರದ ಮೂರನೇ ಟ್ರಿಪ್ ನಿಲ್ಲಿಸಬೇಕಾಯಿತು. ಅವರ ಮನೆಗೆ ಹೋಗಿ ಆ ಮಾತು ಹೇಳಿದವನು ನಾನೇ. ಬರುವಾಗ ದಾರಿಯಲ್ಲಿ ಆ ಅಕ್ಕ ಸಿಕ್ಕಿದರು. "ಹುಡುಗ ಈಗ ಬರುವುದೇ ಇಲ್ಲ. ನಮ್ಮ ಐವತ್ತು ರೂಪಾಯಿ ಬೇಡ ಅಂತ ಆಯ್ತಾ ಮಾಷ್ಟ್ರೆ?" ಅಂತ ಕೇಳಿದರು. ಅವರ ಅಮ್ಮ ಎರಡು ವರ್ಷ ನಮ್ಮ ವ್ಯಾನಿನಲ್ಲೇ ಹೋಗುತ್ತಿದ್ದವರು. ಅದನ್ನೂ ನಾನು ಎಲ್ಲೂ ಬರೆದಿಟ್ಟಿರಲಿಲ್ಲ.

ಆ ಮಳೆಗಾಲ ಪೂರ್ತಿ ಕೂತು ರಸೀದಿಯ ಅಡಿಪ್ರತಿಗಳನ್ನು ಮತ್ತೆ ಬರೆದೆ. ಈ ಸಲ ಒಂದು ರಸೀದಿಗೆ ಒಂದು ಸಾಲು. ಆಮೇಲೆ ಪ್ರತಿಯೊಬ್ಬರಿಗೂ ಮೂರು ವಿಷಯ ತೆಗೆದೆ: ಕೊನೆಗೆ ಕೊಟ್ಟದ್ದು ಯಾವಾಗ, ಎಷ್ಟು ಸಲ, ಎಷ್ಟು. ಈ ಕೆಲಸ ಬಲ್ಲವರು ಇದಕ್ಕೆ ಆರ್‌ಎಫ್‌ಎಂ ಅನ್ನುತ್ತಾರೆ. ಸಾಫ್ಟ್‌ವೇರ್ ಏನೂ ಬೇಡ, ಎಕ್ಸೆಲ್ ಧಾರಾಳ ಸಾಕು. ಮನೆ ಹೆಸರಿಗೆ ಮಾತ್ರ ಬೇರೆ ಕಾಲಂ ಇಡಿ. ನಮ್ಮಲ್ಲಿ ಒಂದೇ ಹೆಸರಿನ ಭಟ್ಟರು, ಶೆಟ್ಟರು, ಅಬ್ದುಲ್ಲಗಳು ಎಷ್ಟು ಜನ ಅಂತ ನಿಮಗೇ ಗೊತ್ತು.

ತಾರೀಕು ಬಂದದ್ದೇ ಲೆಕ್ಕ ಮಾತಾಡಲು ಶುರು ಮಾಡಿತು. ಅಡಿಕೆ ತೋಟದವರ ರಸೀದಿ ಹೆಚ್ಚಿನವು ಏಪ್ರಿಲ್-ಮೇಯವು. ಮಾರ್ಚ್‌ನಲ್ಲಿ ಅವರ ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿರುತ್ತದೆ. ಅದೂ ಅಲ್ಲದೆ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಬರೀ ತೋಟವನ್ನೇ ನಂಬಿದವರಿಗೆ 80ಜಿ ತೋರಿಸಿ ಏನು ಪ್ರಯೋಜನ? ಸಂಬಳದವರಲ್ಲೂ ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ರಿಯಾಯಿತಿ ಇಲ್ಲ. ₹2,000ಕ್ಕಿಂತ ಜಾಸ್ತಿ ನಗದು ಕೊಟ್ಟವರಿಗೂ ಇಲ್ಲ. ನನ್ನ ಪತ್ರ ಹೋದ ಎಷ್ಟೋ ಮನೆಗಳಿಗೆ ಅದರಲ್ಲಿದ್ದ ಒಂದೇ ಒಂದು ಕಾರಣ ಅನ್ವಯಿಸುತ್ತಲೇ ಇರಲಿಲ್ಲ.

ಮುಸ್ಲಿಂ ಮನೆಗಳ ದಾನ ಮೊದಲು ನನಗೆ ಲೆಕ್ಕವಿಲ್ಲದೆ ಬರುವ ಹಾಗೆ ಕಂಡಿತ್ತು. ಇಂಗ್ಲಿಷ್ ತಿಂಗಳು ಬಿಟ್ಟು ನೋಡಿದೆ. ಎಲ್ಲಾ ರಂಜಾನಿನವು! 2020ರಲ್ಲಿ ಏಪ್ರಿಲ್ ಕೊನೆಗೆ ಶುರುವಾದ ಉಪವಾಸ 2024ರಲ್ಲಿ ಮಾರ್ಚ್ ಎರಡನೇ ವಾರಕ್ಕೇ ಬಂತು. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ನಾವು ಈಗ ಅವರನ್ನು ಉಪವಾಸ ಶುರುವಾಗುವ ಮೊದಲೇ ಕಾಣುತ್ತೇವೆ. ಝಕಾತ್ (ಇಸ್ಲಾಮಿನಲ್ಲಿ ಕಡ್ಡಾಯವಾದ ದಾನ) ಅಂತ ಕೊಟ್ಟದ್ದನ್ನು ಬೇರೆಯೇ ಬರೆದು, ಬಡ ರೋಗಿಗಳಿಗೆ ಮಾತ್ರ ಬಳಸುತ್ತೇವೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೊಡ್ಡ ದಾನಿಯನ್ನು ಹುಡುಕುವ ಮೊದಲು, ಮೂರು ಸಲಕ್ಕಿಂತ ಜಾಸ್ತಿ ಕೊಟ್ಟು ಆಮೇಲೆ ನಿಲ್ಲಿಸಿದವರು ಯಾರು ಅಂತ ತೆಗೆಯಿರಿ. ಅವರ ಮನೆಗೆ ಹೋಗಿ. ದುಡ್ಡು ಕೇಳಬೇಡಿ, ಯಾಕೆ ನಿಂತಿತು ಅಂತ ಕೇಳಿ. ನಾವು ಹೋದಲ್ಲೆಲ್ಲ ಸಿಕ್ಕಿದ ಉತ್ತರ ಹೆಚ್ಚುಕಮ್ಮಿ ಒಂದೇ: "ಯಾರೂ ಬರಲಿಲ್ಲ." 2020ರ ಮೊತ್ತವನ್ನು ಬೇರೆಯೇ ಹಾಳೆಯಲ್ಲಿಡಿ, ಇಲ್ಲದಿದ್ದರೆ ಎಲ್ಲಾ ಸರಾಸರಿಯೂ ಸುಳ್ಳು ಹೇಳುತ್ತದೆ. ಈ ಪಟ್ಟಿಯನ್ನು ದಯವಿಟ್ಟು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಯಾರು ಎಷ್ಟು ಕೊಟ್ಟರು ಅನ್ನುವುದು ಅವರ ಮತ್ತು ನಿಮ್ಮ ನಡುವಿನ ವಿಷಯ.

ನಮ್ಮ ಹುಡುಗ ಈಗ ಮತ್ತೆ ತಿಂಗಳಿಗೊಮ್ಮೆ ತಿರುಗುತ್ತಾನೆ. ನಿಲ್ಲಿಸಿದ್ದ ಮೂರನೇ ಟ್ರಿಪ್ ಹತ್ತು ತಿಂಗಳ ಮೇಲೆ ಶುರುವಾಯಿತು. ಆಗ ಆ ಇಬ್ಬರಲ್ಲಿ ಒಬ್ಬರಷ್ಟೇ ಇದ್ದರು.

ನಿಮ್ಮ ಹಳೆ ರಸೀದಿ ಪುಸ್ತಕಗಳನ್ನು ಈ ಮಳೆಗೆ ಗೆದ್ದಲು ಹಿಡಿಯುವ ಮೊದಲು ಅಟ್ಟದಿಂದ ಇಳಿಸಿ. ತಾರೀಕು ಮಾಸಿ ಹೋಗಿದ್ದರೆ ಹಿಂದಿನ, ಮುಂದಿನ ರಸೀದಿ ನಂಬರ್ ನೋಡಿ. ತಿಂಗಳು ಯಾವುದು ಅಂತ ಅಂದಾಜಾಗುತ್ತದೆ.