ಡ್ರೈವರ್ ಸೀಟು ಖಾಲಿ, ಹತ್ತೋದಾ ಬೇಡ್ವಾ?

ಪ್ರಶ್ನೆ: ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ. ಕಳೆದ ಸಲ ಹೋಗಿದ್ದಾಗ ವೇಮೋ ಟ್ಯಾಕ್ಸಿ ತರಿಸಿದ. ನೋಡಿದರೆ ಡ್ರೈವರೇ ಇಲ್ಲ! ನಾನು ಹತ್ತಲಿಲ್ಲ. ಮನೆಯವರು ಈಗಲೂ ಆಡಿಕೊಂಡು ನಗುತ್ತಾರೆ. ಮತ್ತೆ ಹೊರಟಿದ್ದೇನೆ. ನನ್ನ ಭಯ ಅತಿಯಾಯಿತೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಗುವವರು ನಗಲಿ ಬಿಡಿ. ಅಮೆರಿಕದವರಿಗೇ ಈ ಭಯ ಹೋಗಿಲ್ಲ. ಅಲ್ಲಿನ ವಾಹನ ಸವಾರರ ಸಂಘ ಎಎಎ 2025ರಲ್ಲಿ ಸಮೀಕ್ಷೆ ಮಾಡಿದಾಗ, ಇಂಥ ಕಾರನ್ನು ನಂಬಿ ಕೂರುತ್ತೇವೆ ಅಂದವರು ನೂರಕ್ಕೆ 13 ಮಂದಿ. ಅದರ ಹಿಂದಿನ ವರ್ಷ 9 ಇತ್ತು.

ಜನ ಸುಮ್ನೆ ಹೆದರುತ್ತಿಲ್ಲ. ನಿಮ್ಮ ಮಗನ ಊರಲ್ಲೇ ನಡೆದದ್ದು ಕೇಳಿ. 2023ರ ಅಕ್ಟೋಬರ್ 2ರ ರಾತ್ರಿ, ಮನುಷ್ಯರೇ ಓಡಿಸುತ್ತಿದ್ದ ಕಾರೊಂದು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಆಕೆ ಹೋಗಿ ಬಿದ್ದದ್ದು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ. ಅದು ಬ್ರೇಕ್ ಹಾಕಿತು, ಆಕೆಗೆ ತಾಗಿತು, ನಿಂತಿತು. ಆಮೇಲೆ ರಸ್ತೆ ಬದಿಗೆ ಹೋಗಬೇಕು ಅಂತ ಲೆಕ್ಕ ಹಾಕಿ, ಕೆಳಗೆ ಸಿಕ್ಕಿಕೊಂಡಿದ್ದ ಆಕೆಯನ್ನು ಸುಮಾರು 20 ಅಡಿ ಎಳೆದುಕೊಂಡೇ ಹೋಯಿತು. ಮನುಷ್ಯರಾಗಿದ್ದರೆ ಇಳಿದು ಬಗ್ಗಿ ನೋಡುತ್ತಿದ್ದರು ಅನ್ನೋಣ ಅಂದರೆ, ಮೊದಲು ಗುದ್ದಿದ ಡ್ರೈವರ್ ನಿಲ್ಲಿಸದೇ ಪರಾರಿ!

ಕಾರಿನ ತಪ್ಪಿಗಿಂತ ಕ್ರೂಸ್‌ನ ಮಾನ ಕಳೆದದ್ದು ಅದರ ನಂತರದ ಆಟ. ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಎಳೆದುಕೊಂಡು ಹೋದ ಸಂಗತಿಯನ್ನೇ ಬಿಟ್ಟಿದ್ದರು. ಅದೇ ತಿಂಗಳು ಕ್ಯಾಲಿಫೋರ್ನಿಯಾ ಪರ್ಮಿಟ್ ತಡೆಹಿಡಿಯಿತು. ಮುಂದಿನ ವರ್ಷ ಸುಳ್ಳು ವರದಿ ಕೊಟ್ಟದ್ದನ್ನು ಒಪ್ಪಿ ಕಂಪನಿ 5 ಲಕ್ಷ ಡಾಲರ್ ದಂಡ ಕಟ್ಟಿತು. 2024ರ ಡಿಸೆಂಬರ್‌ನಲ್ಲಿ ಒಡೆಯ ಜನರಲ್ ಮೋಟರ್ಸ್ ಈ ಟ್ಯಾಕ್ಸಿಗೆ ದುಡ್ಡು ಹಾಕುವುದನ್ನೇ ನಿಲ್ಲಿಸಿತು. ಹಾಗಾಗಿ ಯಾವುದೇ ಕಂಪನಿ ‘ನಮ್ಮದು ಸೇಫ್’ ಅಂದರೆ ನಾನು ಮೊದಲು ನೋಡೋದು, ಅಪಘಾತದ ಲೆಕ್ಕವನ್ನು ಹೊರಗಿನವರ ಮುಂದೆ ಇಡುತ್ತದಾ ಅಂತ. ವೇಮೋ ಇಡುತ್ತಿದೆ.

ಈ ಸಲ ಹತ್ತಿ ನೋಡಿ ಅಂತಲೇ ನನ್ನ ಸಲಹೆ. ಮಗ ಜೊತೆಗಿರಲಿ, ದೂರ ಚಿಕ್ಕದಿರಲಿ. ಹಿಂದಿನ ಸೀಟಲ್ಲಿ ಕೂತರೆ ಎದುರಿಗೇ ಒಂದು ಪರದೆ ಇರುತ್ತದೆ. ಅಕ್ಕಪಕ್ಕದ ಕಾರು, ಫುಟ್‌ಪಾತ್ ಮೇಲಿನ ಜನ ಎಲ್ಲ ಅದರಲ್ಲಿ ಮೂಡುತ್ತಾರೆ. ನಿಮಗೆ ಕಂಡ ಅಜ್ಜಿ ಕಾರಿಗೂ ಕಂಡಳಾ ಅಂತ ತಾಳೆ ನೋಡುತ್ತಾ ಹೋಗಿ. ಸ್ಟಿಯರಿಂಗ್ ತಾನಾಗಿ ತಿರುಗೋದು ಮಾತ್ರ ಮೊದಲೈದು ನಿಮಿಷ ವಿಚಿತ್ರ ಅನಿಸುತ್ತದೆ. ಇಳಿದ ಮೇಲೆ ಬಾಗಿಲು ಸರಿಯಾಗಿ ಹಾಕಿ. ಅರೆ ತೆರೆದಿದ್ದರೆ ಕಾರು ಹೊರಡದೆ ಅಲ್ಲೇ ನಿಂತುಬಿಡುತ್ತದೆ. ಎಳೆದು ಹಾಕೋಕೆ ಒಳಗೆ ಯಾರೂ ಇಲ್ಲ, ಅಲ್ವಾ?