ಒಬ್ಬನಿಗೆ ಸಾವಿರ ಜನ: ಈ ಲೆಕ್ಕ ಸರಿಯೇ?

ಉಡುಪಿಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ಸಂಚಿಕೆಯ ಗಾಜಾ ಲೇಖನ ಓದಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮಗಳು ಇಸ್ರೇಲಿನ ಹೈಫಾದಲ್ಲಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಪತ್ರದ ತಿರುಳು ಇಷ್ಟು: "ಒತ್ತೆಯಾಳು ಹಿಡಿದವರ ಜೊತೆ ಮಾತಿಗೆ ಕೂತರೆ ಅವರಿಗೆ ಬಹುಮಾನ ಕೊಟ್ಟಂತೆ. ಒಬ್ಬ ಸೈನಿಕನಿಗಾಗಿ ಸಾವಿರ ಕೈದಿಗಳನ್ನು ಬಿಟ್ಟರು, ಅದರಲ್ಲೊಬ್ಬ ಸಿನ್ವಾರ್. ಕದನ ವಿರಾಮ ಎಂದರೆ ಮತ್ತೆ ಮದ್ದುಗುಂಡು ತುಂಬಿಕೊಳ್ಳಲು ಪುರುಸೊತ್ತು. ನೀವು ಅದನ್ನೇ ಬೆಂಬಲಿಸಿ ಬರೆದಿದ್ದೀರಿ."

ಮೇಷ್ಟ್ರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಭಯವನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. 2006ರ ಜೂನ್‌ನಲ್ಲಿ ಗಿಲಾದ್ ಶಲಿತ್ ಎಂಬ ಇಸ್ರೇಲಿ ಸೈನಿಕ ಗಾಜಾದ ಸಶಸ್ತ್ರ ಸಂಘಟನೆ ಹಮಾಸ್ ಕೈಗೆ ಸೆರೆ ಸಿಕ್ಕ. ಐದು ವರ್ಷದ ನಂತರ, 2011ರ ಅಕ್ಟೋಬರ್‌ನಲ್ಲಿ, ಅವನೊಬ್ಬನಿಗಾಗಿ ಇಸ್ರೇಲ್ 1,027 ಕೈದಿಗಳನ್ನು ಬಿಟ್ಟಿತು. ಹಮಾಸ್‌ನ ಯಾಹ್ಯಾ ಸಿನ್ವಾರ್ ಅವರಲ್ಲೊಬ್ಬ. 2023ರ ಅಕ್ಟೋಬರ್ 7ರ ದಾಳಿಯ ಮುಖ್ಯ ಸೂತ್ರಧಾರನೂ ಅವನೇ. ಅಂದು ಸುಮಾರು 1,200 ಜನ ಸತ್ತರು, 251 ಜನರನ್ನು ಎಳೆದೊಯ್ದರು. ಇದನ್ನು ಮರೆತು ಮಾತುಕತೆಯ ಪರ ಬರೆದರೆ ಅದು ಬೇಜವಾಬ್ದಾರಿ.

ಈ ವಾದ ಇಂದಿನದೂ ಅಲ್ಲ. ಸೆರೆಯಾದವರನ್ನು ಬಿಡಿಸುವುದು ಯಹೂದಿ ಧರ್ಮದಲ್ಲಿ ಬಹು ದೊಡ್ಡ ಕರ್ತವ್ಯ. ಆದರೆ ಅವರ ಪ್ರಾಚೀನ ಕಟ್ಟಳೆಗಳ ಸಂಗ್ರಹವಾದ ಮಿಶ್ನಾದಲ್ಲೇ, ಸೆರೆಯಾಳಿಗೆ ಮಿತಿಮೀರಿದ ಬೆಲೆ ಕೊಟ್ಟು ಬಿಡಿಸಬೇಡಿ ಎಂಬ ಮಾತೂ ಇದೆ. ಈ ಯುದ್ಧದಲ್ಲಿ ಒತ್ತೆಯಾಳುಗಳ ಕುಟುಂಬಗಳೇ ಎರಡಾದವು. ಹೆಚ್ಚಿನವರು ಟೆಲ್ ಅವೀವ್‌ನ ಚೌಕದಲ್ಲಿ ನಿಂತು ಒಪ್ಪಂದ ಮಾಡಿಕೊಳ್ಳಿ ಎಂದು ಗೋಗರೆದರು. ಟಿಕ್ವಾ ಫೋರಂ ಎಂಬ ಚಿಕ್ಕ ಗುಂಪಿನವರು, ತಮ್ಮ ಮಕ್ಕಳೇ ಒಳಗಿದ್ದರೂ, ಇಂಥ ಒಪ್ಪಂದ ಬೇಡ ಎಂದರು. ಅವರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನನಗಿಲ್ಲ.

ಆದರೂ ನಾನು ಮಾತುಕತೆಯ ಪರವೇ. ಯಾಕೆಂದು ಹೇಳುತ್ತೇನೆ.

ಜೀವಂತವಾಗಿ ಮನೆಗೆ ಬಂದವರನ್ನು ಎಣಿಸಿ ನೋಡಿ. ಎರಡು ವರ್ಷದಲ್ಲಿ ಸೇನೆ ಕಾರ್ಯಾಚರಣೆ ಮಾಡಿ ಕರೆತಂದವರು ಎಂಟು ಜನ. ಮಾತುಕತೆಯಿಂದ ಬಂದವರು 150ಕ್ಕೂ ಜಾಸ್ತಿ. ಆ ಎಂಟರಲ್ಲಿ ನಾಲ್ವರು 2024ರ ಜೂನ್ 8ರಂದು ಗಾಜಾದ ನುಸೇರಾತ್‌ನಿಂದ ಬಂದವರು. ಅವರು ಮನೆಯವರನ್ನು ತಬ್ಬಿಕೊಂಡ ಚಿತ್ರ ನೋಡಿ ನನಗೂ ಕಣ್ಣು ತುಂಬಿತ್ತು. ಅದೇ ದಿನ ಅಲ್ಲಿ 270ಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಸತ್ತರೆಂದು ಗಾಜಾದ ಆರೋಗ್ಯ ಇಲಾಖೆ ಹೇಳಿತು. 2023ರ ಡಿಸೆಂಬರ್‌ನಲ್ಲಿ ಗಾಜಾದ ಶುಜಾಯಿಯಾದಲ್ಲಿ ಮೂವರು ಒತ್ತೆಯಾಳುಗಳು ಹೇಗೋ ತಪ್ಪಿಸಿಕೊಂಡು, ಕೋಲಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಹೊರಗೆ ಬಂದರು. ಅವರನ್ನು ಕೊಂದದ್ದು ಸ್ವಂತ ಸೇನೆಯ ಗುಂಡು.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. 2024ರ ಮೇ ಕೊನೆಗೆ ಅಮೆರಿಕದ ಅಂದಿನ ಅಧ್ಯಕ್ಷ ಬೈಡನ್ ಮೂರು ಹಂತದ ಒಪ್ಪಂದವೊಂದನ್ನು ಮುಂದಿಟ್ಟರು. ಹೆಚ್ಚುಕಡಿಮೆ ಅದೇ ಕರಡಿಗೆ ಎರಡೂ ಕಡೆಯವರು ಒಪ್ಪಿದ್ದು 2025ರ ಜನವರಿಯಲ್ಲಿ. ಹತ್ತಿರ ಹತ್ತಿರ ಎಂಟು ತಿಂಗಳು! ಈ ನಡುವೆ, ಆಗಸ್ಟ್ ಕೊನೆಯಲ್ಲಿ, ರಫಾದ ಸುರಂಗವೊಂದರಲ್ಲಿ ಆರು ಒತ್ತೆಯಾಳುಗಳ ಶವ ಸಿಕ್ಕಿತು. ಸೇನೆ ಅಲ್ಲಿಗೆ ತಲುಪುವ ಸ್ವಲ್ಪ ಮುಂಚೆ ಕಾವಲಿನವರೇ ಗುಂಡಿಕ್ಕಿದ್ದರು. ಅವರಲ್ಲಿ ಕೆಲವರ ಹೆಸರು ಮೊದಲ ಹಂತದ ಬಿಡುಗಡೆ ಪಟ್ಟಿಯಲ್ಲಿತ್ತು ಎಂದು ಇಸ್ರೇಲಿನ ಪತ್ರಿಕೆಗಳೇ ಬರೆದವು. ಆ ಎಂಟು ತಿಂಗಳಲ್ಲಿ ಗಾಜಾದಲ್ಲಿ ಸತ್ತವರು ಸಾವಿರಾರು. ಗಡಿಯ ಯಾವ ಭಾಗದಲ್ಲಿ ಸೇನೆ ಇರಬೇಕು, ಪಟ್ಟಿಯಲ್ಲಿ ಯಾರ ಹೆಸರಿರಬೇಕು ಅಂತ ಚೌಕಾಸಿ ನಡೆಯುತ್ತಿತ್ತು. ಸಿನ್ವಾರ್‌ನನ್ನು ಬಿಟ್ಟದ್ದರ ಲೆಕ್ಕ ಕೇಳುವ ನಾವು ಈ ಎಂಟು ತಿಂಗಳ ಲೆಕ್ಕವನ್ನೂ ಕೇಳಬೇಕು, ಅಲ್ವಾ?

ಇನ್ನು ಕೈದಿಗಳ ವಿಷಯ. ಬಿಡುಗಡೆಯಾದವರೆಲ್ಲ ಕೊಲೆಗಾರರು ಎಂದು ಬರೆದಿದ್ದೀರಿ. ಕೊಲೆ ಮಾಡಿದವರು ಇದ್ದರು, ನಿಜ. ಅವರು ಹೊರಬಂದದ್ದನ್ನು ಕಂಡ ಸಂತ್ರಸ್ತರ ಮನೆಯವರ ಸಂಕಟ ಸಣ್ಣದಲ್ಲ. ಆದರೆ 2023ರ ನವೆಂಬರ್‌ನ ಮೊದಲ ಕದನ ವಿರಾಮದಲ್ಲಿ ಬಿಟ್ಟ 240 ಜನ ಹೆಂಗಸರು ಮತ್ತು ಹದಿಹರೆಯದವರು. ಅವರಲ್ಲಿ ಎಷ್ಟೋ ಜನರ ಮೇಲಿನ ಆರೋಪ ಸಾಬೀತಾಗಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಹೊರಬಂದ ಸುಮಾರು 2,000 ಜನರಲ್ಲಿ 250ರಷ್ಟು ಮಂದಿ ಜೀವಾವಧಿ, ದೀರ್ಘಾವಧಿ ಶಿಕ್ಷೆಯವರು. ಉಳಿದ 1,700ರಷ್ಟು ಜನರನ್ನು ಯುದ್ಧದ ಸಮಯದಲ್ಲಿ ಗಾಜಾದಿಂದ ಹಿಡಿದು, ಆರೋಪಪಟ್ಟಿಯೇ ಇಲ್ಲದೆ ಇಟ್ಟುಕೊಂಡಿದ್ದರು. ಅವರ ತಾಯಂದಿರೂ ಬಸ್ಸಿನ ದಾರಿ ಕಾಯುತ್ತಿದ್ದರು.

ಕದನ ವಿರಾಮ ಮುರಿಯುತ್ತದೆ, ಅದಕ್ಕೇ ಅದು ಸುಮ್ನೆ ಎನ್ನುತ್ತೀರಿ. ಅದು ಎಲ್ಲಿ ಮುರಿಯಿತು ಎಂಬುದನ್ನೂ ನೋಡಿ. ಮೊದಲನೆಯದು ಏಳೇ ದಿನ ಬಾಳಿತು. 2025ರ ಜನವರಿಯದರಲ್ಲಿ ಮೊದಲ ಹಂತಕ್ಕೆ 42 ದಿನ. ಸೇನೆ ಪೂರ್ತಿ ಹಿಂದೆ ಸರಿಯುವುದು, ಯುದ್ಧ ಮುಗಿಯುವುದು, ಎಲ್ಲವನ್ನೂ ಎರಡನೇ ಹಂತಕ್ಕೆ ದೂಡಿದ್ದರು. ಮೊದಲ ಹಂತವನ್ನೇ ಎಳೆಯೋಣ ಎಂದಿತು ಇಸ್ರೇಲ್. ಎರಡನೆಯದಕ್ಕೆ ಬನ್ನಿ ಎಂದು ಪಟ್ಟು ಹಿಡಿಯಿತು ಹಮಾಸ್. ಮಾರ್ಚ್ 2ರಂದು ಇಸ್ರೇಲ್ ಗಾಜಾಕ್ಕೆ ಹೋಗುವ ಸಾಮಾನು ತಡೆಯಿತು. ಮಾರ್ಚ್ 18ರ ಬಾಂಬ್ ದಾಳಿಗೆ ಒಂದೇ ದಿನ 400ಕ್ಕೂ ಹೆಚ್ಚು ಜನ ಸತ್ತರು. ಕಷ್ಟದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಸಹಿ ಹಾಕಿದ್ದೇ ಅಲ್ಲಿನ ದೋಷ ಎಂಬುದು ನನ್ನ ಅಭಿಪ್ರಾಯ. 2025ರ ಅಕ್ಟೋಬರ್ 10ರ ಕದನ ವಿರಾಮಕ್ಕೂ ಅದೇ ರೋಗ ಅಂಟಿದೆ. ಅದಾದ ಮೇಲೂ ಗಾಜಾದಲ್ಲಿ ನೂರಾರು ಜನ ಸತ್ತಿದ್ದಾರೆ. ಆದರೆ ಅಕ್ಟೋಬರ್ 13ರಂದು ಉಳಿದಿದ್ದ ಇಪ್ಪತ್ತು ಜನ ಜೀವಂತ ಮನೆಗೆ ಬಂದದ್ದೂ ಅದರಿಂದಲೇ.

ಕೊನೆಗೆ, ನಿಮ್ಮ ಮಗಳ ವಿಷಯ. ನಮ್ಮ ಕರಾವಳಿಯ ಎಷ್ಟೋ ಮನೆಗಳು ಆ ದೇಶದ ಸಂಬಳದಿಂದ ನಡೆಯುತ್ತಿವೆ ಎಂದು ನನಗೆ ಗೊತ್ತು. ಹಾಗೆಯೇ ಥಾಯ್ಲೆಂಡಿನ ಬಡ ಹಳ್ಳಿಗಳಿಂದ ಹೊಲಗೆಲಸಕ್ಕೆ ಹೋದವರನ್ನೂ ಅಕ್ಟೋಬರ್ 7ರಂದು ಹೊತ್ತೊಯ್ದರು. ಈ ಜಗಳದಲ್ಲಿ ಅವರದೇನೂ ಪಾಲಿರಲಿಲ್ಲ. ಮೊದಲ ಕದನ ವಿರಾಮದಲ್ಲಿ ಅವರಲ್ಲಿ 23 ಜನ ಬಂದರು. 2025ರ ಜನವರಿಯಲ್ಲಿ ಇನ್ನೂ ಐವರು. ಅವರ ಅಪ್ಪಂದಿರಲ್ಲಿ ಯಾರಾದರೂ ನಿಮಗೆ ಪತ್ರ ಬರೆದಿದ್ದರೆ ಏನು ಬರೆಯುತ್ತಿದ್ದರು ಎಂದು ಯೋಚಿಸುತ್ತಿದ್ದೇನೆ.

ಮಗಳನ್ನು ಕೇಳಿದೆನೆಂದು ಹೇಳಿ. ಅವರು ನೋಡಿಕೊಳ್ಳುವ ಅಜ್ಜಿ ಈ ಒಪ್ಪಂದಗಳ ಬಗ್ಗೆ ಏನು ಹೇಳುತ್ತಾರೆಂದು ಕೇಳಿ ಬರೆದು ಕಳಿಸಿದರೆ, ನನ್ನ ಮಾತಿಗೆ ವಿರುದ್ಧವಾಗಿದ್ದರೂ ಪ್ರಕಟಿಸುತ್ತೇನೆ.

– ಸಂಪಾದಕ